ಹೆಸರಿಲ್ಲದ ಕುಂಬಾರ: ಜಪಾನಿನ ಸಾಮುರಾಯಿ ಮನೆತನಗಳೂ ಮೃತ್ಕಲೆಯ ವಿಮರ್ಶೆಯೂ

೧

ಜಪಾನ್ ದೇಶದಲ್ಲಿ ಮಣ್ಣಿನ ಪಾತ್ರೆಗೆ ಸಂದಿರುವ ಗೌರವವು ಅನ್ಯತ್ರ ದುರ್ಲಭವಾದುದು. ಅಲ್ಲಿ ಚಹ ಕುಡಿಯುವ ಒಂದು ಬಟ್ಟಲಿಗೆ ಅಂಕಿತನಾಮವುಂಟು. ಅದು ಯಾವ ಪ್ರಭುವಿನ ಕೈಯಿಂದ ಯಾವ ಪ್ರಭುವಿನ ಕೈಗೆ ಬಂದಿತೆಂಬ ಚರಿತ್ರೆಯುಂಟು. ಅದನ್ನಿಡುವ ಮರದ ಪೆಟ್ಟಿಗೆಯ ಮೇಲೆ ರಸಿಕರ ಹಸ್ತಾಕ್ಷರವುಂಟು. ಆದರೆ ಅದನ್ನು ತಿಗುರಿಯ ಮೇಲೆ ಎತ್ತಿ ಆವಿಗೆಯಲ್ಲಿ ಸುಟ್ಟ ಕುಂಬಾರನಿಗೆ ಬಹುಮಟ್ಟಿಗೆ ಹೆಸರಿಲ್ಲ. ಕ್ಯೋತೋ ನಗರದ ನಿನ್ಸೆಯ್, ಕೆನ್ಜಾನ್ ಮೊದಲಾದವರು ತಮ್ಮ ಪಾತ್ರೆಗಳ ಮೇಲೆ ಮುದ್ರೆಯನ್ನೊತ್ತಿ ಪ್ರಸಿದ್ಧರಾದರು, ನಿಜ. ಸಾಮುರಾಯಿ ಮನೆತನಗಳ ಆವಿಗೆಗಳಲ್ಲಿ ದುಡಿದ ಸಾವಿರಾರು ಮಂದಿಯ ವಿಷಯದಲ್ಲಿ ಆ ಮಾತನ್ನು ಹೇಳುವಂತಿಲ್ಲ.

ಈ ಅನಾಮಕತೆಯನ್ನು ಹೇಗೆ ಅರ್ಥಮಾಡಬೇಕು? ಇದು ಕುಶಲಕರ್ಮಿಯ ವಿನಯವೆ, ಕಲೆಯ ಸ್ವಭಾವವೆ, ಅಥವಾ ಯಾರೋ ಮಾಡಿದ ವ್ಯವಸ್ಥೆಯೆ? ಇಪ್ಪತ್ತನೆಯ ಶತಮಾನದ ಮೂವರು ಜಪಾನೀ ಲೇಖಕರು ಈ ಪ್ರಶ್ನೆಯ ಬಳಿ ಸುಳಿದಿದ್ದಾರೆ. ಒಕಾಕುರಾ ಕಾಕುಜೋ ಅವರ 'ಚಹದ ಪುಸ್ತಕ' (೧೯೦೬), ಯಾನಾಗಿ ಸೋಯೆತ್ಸು ಅವರು ಕಿಜಾಎಮೋನ್ ಬಟ್ಟಲನ್ನು ಕುರಿತು ೧೯೩೧ರಲ್ಲಿ ಬರೆದ ಪ್ರಬಂಧ, ಶಿಬಾ ರ್ಯೋತಾರೋ ಅವರು ೧೯೬೮ರಲ್ಲಿ ಸತ್ಸುಮಾ ಪ್ರಾಂತದ ಕುಂಬಾರನೊಬ್ಬನನ್ನು ಕುರಿತು ಪ್ರಕಟಿಸಿದ ಕಥನ, ಇವೇ ಆ ಮೂರು ಕೃತಿಗಳು. ಇವನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು, ಮೂರನ್ನೂ ಚರಿತ್ರೆಯ ಒರೆಗಲ್ಲಿಗೆ ಹಚ್ಚಿ ನೋಡಿದರೆ, ಸೌಂದರ್ಯವಿಚಾರದಲ್ಲಿ ನುಸುಳಿರುವ ಒಂದು ದೋಷವು ಸ್ಪಷ್ಟವಾಗುತ್ತದೆ.

೨

ಮೊದಲು ಚರಿತ್ರೆಯನ್ನು ಸಂಗ್ರಹವಾಗಿ ನೋಡಬೇಕು. ಜಪಾನನ್ನು ಒಂದು ಆಳಿಕೆಯ ಕೆಳಗೆ ತಂದ ತೊಯೊತೊಮಿ ಹಿದೆಯೋಷಿಯು ೧೫೯೨ರಲ್ಲಿಯೂ ಮತ್ತೆ ೧೫೯೭ರಲ್ಲಿಯೂ ಕೊರಿಯಾದ ಮೇಲೆ ದಂಡೆತ್ತಿ ಹೋಗುವಂತೆ ತನ್ನ ಸಾಮಂತರಿಗೆ ಆಜ್ಞಾಪಿಸಿದನು. ೧೫೯೮ರಲ್ಲಿ ಅವನು ಸತ್ತನಂತರ ಸೇನೆಗಳು ಹಿಂದಿರುಗಿದವು. ದಂಡಯಾತ್ರೆಯಿಂದ ಒಂದಂಗುಲ ನೆಲವೂ ದೊರೆಯಲಿಲ್ಲ. ಆದರೆ ಹಡಗುಗಳು ಬರಿದಾಗಿ ಮರಳಲಿಲ್ಲ. ಸೆರೆಸಿಕ್ಕ ಕೊರಿಯಾದ ಪ್ರಜೆಗಳು ಸಹಸ್ರಸಹಸ್ರವಾಗಿ ಅವುಗಳಲ್ಲಿದ್ದರು. ಅವರಲ್ಲಿ ಕುಂಬಾರರು ಅನೇಕರು. ಈ ಕಾರಣದಿಂದಲೇ ಜಪಾನೀ ಲೇಖಕರು ಈ ಯುದ್ಧವನ್ನು 'ಮಡಕೆಗಳ ಯುದ್ಧ'ವೆಂದು ಕರೆಯುವುದುಂಟು.

ಸಾಮುರಾಯಿ ಪ್ರಭುಗಳಿಗೆ ಕುಂಬಾರರೇಕೆ ಬೇಕಾದರೆಂಬುದಕ್ಕೆ ಎರಡು ಕಾರಣಗಳುಂಟು. ಆ ಕಾಲಕ್ಕೆ ಚಹದ ಗೋಷ್ಠಿಯು ವಿನೋದಮಾತ್ರವಾಗಿರಲಿಲ್ಲ, ರಾಜಕಾರಣದ ಅಂಗವಾಗಿತ್ತು. ಗೆದ್ದುಬಂದ ಸೇನಾನಿಗೆ ಭೂಮಿಗೆ ಬದಲಾಗಿ ಪ್ರಸಿದ್ಧವಾದ ಚಹದ ಪಾತ್ರೆಯೊಂದನ್ನು ಬಹುಮಾನ ಕೊಡುವುದು ಪ್ರಭುಗಳಲ್ಲಿ ರೂಢಿಯಾಗಿತ್ತು. ಇದೊಂದು ಕಾರಣ. ಕಾಲಿನಿಂದ ಒದೆದು ತಿರುಗಿಸುವ ತಿಗುರಿ, ಗುಡ್ಡದ ಇಳಿಜಾರಿನಲ್ಲಿ ಕೋಣೆಯ ಮೇಲೆ ಕೋಣೆಯಾಗಿ ಏರುವ ಆವಿಗೆ, ಬಿಳಿಯ ಪಿಂಗಾಣಿಯ ರಹಸ್ಯ, ಇವುಗಳನ್ನು ಬಲ್ಲವರು ಕೊರಿಯಾದವರು ಎಂಬುದು ಇನ್ನೊಂದು.

ಹೀಗೆ ತಂದವರನ್ನು ಮನೆತನಗಳು ತಮ್ಮ ತಮ್ಮ ಸೀಮೆಗಳಲ್ಲಿ ನೆಲೆಗೊಳಿಸಿದವು. ಹಿಜೆನ್ ಪ್ರಾಂತದ ನಬೆಷಿಮಾ ಮನೆತನದ ಆಳಿಕೆಯಲ್ಲಿ ಅರಿತಾ ಎಂಬ ಊರು ಪಿಂಗಾಣಿಯ ತವರಾಯಿತು. ಅಲ್ಲಿಯ ಇಜುಮಿಯಾಮಾ ಬೆಟ್ಟದಲ್ಲಿ ಪಿಂಗಾಣಿಯ ಕಲ್ಲನ್ನು ಮೊದಲು ಕಂಡವನು ಯಿ ಸಾಮ್‌ಪ್ಯೊಂಗ್ ಎಂಬ ಕೊರಿಯಾದ ಕುಂಬಾರನೆಂದು ಸಂಪ್ರದಾಯವು ಹೇಳುತ್ತದೆ. ದಕ್ಷಿಣದ ಸತ್ಸುಮಾದಲ್ಲಿ ಷಿಮಾಜು ಮನೆತನ, ಹಾಗಿ ಪಟ್ಟಣದಲ್ಲಿ ಮೋರಿ ಮನೆತನ, ತಕತೋರಿಯಲ್ಲಿ ಕುರೋದಾ ಮನೆತನ, ಅಗಾನೋದಲ್ಲಿ ಹೊಸೊಕಾವಾ ಮನೆತನ, ಇವೆಲ್ಲವೂ ಆವಿಗೆಗಳನ್ನು ಹೂಡಿಸಿದವು. ಇಂದು ಜಪಾನಿನ ಮೃತ್ಕಲೆಯೆಂದೊಡನೆ ರಸಿಕರ ನಾಲಗೆಗೆ ಬರುವ ಊರುಗಳಲ್ಲಿ ಬಹಳಷ್ಟು ಇವೇ. ಆ ಕೀರ್ತಿಯ ಬುಡದಲ್ಲಿ ಸೆರೆಯೂ ಇದೆ, ಆಶ್ರಯವೂ ಇದೆ. ಎರಡರಲ್ಲಿ ಒಂದನ್ನು ಮರೆತ ವಿಮರ್ಶೆಯು ಅಪೂರ್ಣವೆನ್ನಲಡ್ಡಿಯಿಲ್ಲ.

೩

ಒಕಾಕುರಾ ಅವರ 'ಚಹದ ಪುಸ್ತಕ'ವು ಇಂಗ್ಲಿಷಿನಲ್ಲಿ ರಚಿತವಾಗಿ ನ್ಯೂಯಾರ್ಕ್ ನಗರದಲ್ಲಿ ಅಚ್ಚಾಯಿತು. ಗ್ರಂಥಕರ್ತರು ಅದಕ್ಕೆ ಕೆಲವು ವರ್ಷಗಳ ಮುಂಚೆ ಕಲ್ಕತ್ತೆಗೆ ಬಂದು ಠಾಕೂರ್ ಮನೆತನದವರ ಸ್ನೇಹವನ್ನು ಸಂಪಾದಿಸಿದ್ದರು; ಅವರ 'ಪೂರ್ವದ ಆದರ್ಶಗಳು' ಎಂಬ ಗ್ರಂಥಕ್ಕೆ (೧೯೦೩) ಸೋದರಿ ನಿವೇದಿತಾ ಮುನ್ನುಡಿ ಬರೆದರು. ಏಷ್ಯಾಖಂಡವನ್ನು ಪಾಶ್ಚಾತ್ಯರ ತಿರಸ್ಕಾರದಿಂದ ಮೇಲೆತ್ತಬೇಕೆಂಬ ಹಂಬಲವು ಅವರ ಎಲ್ಲ ಬರಹದಲ್ಲಿಯೂ ತುಂಬಿದೆ. ರಷ್ಯವನ್ನು ಗೆದ್ದ ಜಪಾನನ್ನು ಪಾಶ್ಚಾತ್ಯರು ಹೊಗಳುತ್ತಿದ್ದ ಕಾಲದಲ್ಲಿ, ಕೊಲ್ಲುವ ವಿದ್ಯೆಯನ್ನು ಕಂಡು ಮೆಚ್ಚಿದವರು ಬದುಕುವ ವಿದ್ಯೆಯನ್ನು ಕಾಣಲಿಲ್ಲವಲ್ಲ ಎಂದು ಅವರು ವ್ಯಂಗ್ಯವಾಗಿ ಕುಟುಕಿದರು. ಸಾಮುರಾಯಿಯ ಧರ್ಮವೊಂದು, ಚಹದ ಧರ್ಮವೊಂದು. ಎರಡನೆಯದೇ ಜಪಾನಿನ ಅಂತರಂಗ, ಎಂಬುದು ಅವರ ವಾದದ ತಿರುಳು.

ವ್ಯಂಗ್ಯವು ಮಾರ್ಮಿಕವಾದುದು, ಗದ್ಯವು ಮನೋಹರವಾದುದು. ಆದರೆ ವಾದವು ನಿಂತಿರುವುದು ಈ ಎರಡು ಧರ್ಮಗಳು ಬೇರೆಬೇರೆಯೆಂಬ ನಂಬಿಕೆಯ ಮೇಲೆ. ಗ್ರಂಥದ ಕೊನೆಯ ಅಧ್ಯಾಯವು ಚಹದ ಆಚಾರ್ಯರಿಗೆ ಮೀಸಲಾಗಿದೆ. ಹಿದೆಯೋಷಿಯ ಆಜ್ಞೆಯಂತೆ ಮಹಾಚಾರ್ಯನಾದ ಸೆನ್ ನೋ ರಿಕ್ಯೂ ಪ್ರಾಣತ್ಯಾಗಮಾಡುವ ಗಂಭೀರ ಚಿತ್ರದೊಡನೆ ಗ್ರಂಥವು ಮುಗಿಯುತ್ತದೆ. ಅದು ೧೫೯೧ನೆಯ ವರ್ಷ. ಅದೇ ಹಿದೆಯೋಷಿಯ ಹಡಗುಗಳು ಕೊರಿಯಾಕ್ಕೆ ಹೊರಟದ್ದು ಮರುವರ್ಷ. ಪುಸ್ತಕವು ಎಲ್ಲಿ ನಿಂತಿತೋ ಅಲ್ಲಿಂದಲೇ ಕುಂಬಾರನ ಕಥೆಯು ಮೊದಲಾಗುತ್ತದೆ. ರಿಕ್ಯೂವಿನ ಮರಣಕ್ಕಾಗಿ ಕಣ್ಣೀರು ತರಿಸುವ ಲೇಖನಿಯು ಒಂದು ಹೆಜ್ಜೆ ಮುಂದಕ್ಕೆ ಹೋಗಿದ್ದರೆ, ಚಹದ ಧರ್ಮವು ಸಾಮುರಾಯಿಯ ಖಡ್ಗದ ನೆರಳಿನಲ್ಲಿಯೇ ತನ್ನ ಪಾತ್ರೆಗಳನ್ನು ದೊರಕಿಸಿಕೊಂಡಿತೆಂಬುದನ್ನು ಕಾಣಬೇಕಾಗಿತ್ತು.

ಇದಕ್ಕಿಂತ ಸೂಕ್ಷ್ಮವಾದ ಸಾಕ್ಷ್ಯವೊಂದು ಅದೇ ಅಧ್ಯಾಯದಲ್ಲಿದೆ. ಜಪಾನಿನ ಮೃತ್ಕಲೆಯು ಇಷ್ಟು ಉತ್ಕರ್ಷಕ್ಕೇರಿದುದು ಚಹದ ಆಚಾರ್ಯರ ಪ್ರೇರಣೆಯಿಂದಲೇ ಎಂದು ಸಾಧಿಸುತ್ತ, ಒಕಾಕುರಾ ಅವರು ಎನ್‌ಷೂವಿನ ಏಳು ಆವಿಗೆಗಳನ್ನು ದೃಷ್ಟಾಂತವಾಗಿ ಹೆಸರಿಸುತ್ತಾರೆ. ಕೊಬೊರಿ ಎನ್‌ಷೂ (೧೫೭೯–೧೬೪೭) ಶೋಗನ್ನರ ಚಹಗುರು. ಅವನ ಅಭಿರುಚಿಗೆ ಒಪ್ಪಿದುವೆಂದು ಪರಂಪರೆಯು ಏಳು ಆವಿಗೆಗಳನ್ನು ಎಣಿಸುತ್ತದೆ. ಆ ಏಳರಲ್ಲಿ ತಕತೋರಿಯೂ ಅಗಾನೋವೂ ಸೇರಿವೆ. ಇವೆರಡನ್ನೂ ಸ್ಥಾಪಿಸಿದವರು ಯುದ್ಧಕಾಲದಲ್ಲಿ ಕೊರಿಯಾದಿಂದ ಬಂದ ಕುಂಬಾರರು. ತಕತೋರಿಯ ಪಾಲ್‌ಸಾನ್ ಎಂಬವನು ತಕತೋರಿ ಹಾಚಿಜೋ ಎನಿಸಿಕೊಂಡನು. ಅಗಾನೋದ ಸೊನ್ಕೈ ಎಂಬವನು ಅಗಾನೋ ಕಿಜೋ ಎನಿಸಿಕೊಂಡನು. ಮನುಷ್ಯನಿಂದ ಆವಿಗೆಗೆ ಹೆಸರು ಬರಲಿಲ್ಲ, ಆವಿಗೆಯಿಂದ ಮನುಷ್ಯನಿಗೆ ಹೆಸರು ಬಂದಿತು. ಒಕಾಕುರಾ ಅವರ ವಾಕ್ಯದಲ್ಲಿ ಆ ಹೆಸರೂ ಕರಗಿಹೋಗಿ, ಅಭಿರುಚಿಯ ಅಧಿಕಾರಿಯಾದ ಎನ್‌ಷೂ ಒಬ್ಬನೇ ಉಳಿದಿದ್ದಾನೆ. ಗ್ರಂಥಕರ್ತರಿಗೆ ಇದರಲ್ಲಿ ದುರುದ್ದೇಶವಿತ್ತೆಂದು ಹೇಳಬೇಕಾಗಿಲ್ಲ. ರಸಿಕನೇ ಕಲೆಯ ಜನಕನೆಂಬ ಸಿದ್ಧಾಂತವನ್ನು ಒಪ್ಪಿದ ಲೇಖನಿಯು ಹೀಗಲ್ಲದೆ ಬೇರೆ ರೀತಿಯಲ್ಲಿ ಬರೆಯುವುದು ಕಷ್ಟ.

೪

ಯಾನಾಗಿ ಸೋಯೆತ್ಸು ಅವರು (೧೮೮೯–೧೯೬೧) ಈ ಸಿದ್ಧಾಂತವನ್ನು ತಲೆಕೆಳಗುಮಾಡಿದವರು. ೧೯೨೫ರಲ್ಲಿ ಅವರೂ ಅವರ ಮಿತ್ರರಾದ ಹಮಾದಾ ಷೋಜಿ, ಕವಾಯ್ ಕಂಜಿರೋ ಅವರೂ ಕೂಡಿ 'ಮಿಂಗೇಯ್', ಎಂದರೆ ಜನತೆಯ ಕಲೆ, ಎಂಬ ಪದವನ್ನು ರೂಪಿಸಿದರು. ೧೯೩೬ರಲ್ಲಿ ತೋಕ್ಯೋ ನಗರದ ಕೊಮಾಬಾದಲ್ಲಿ ಅದಕ್ಕಾಗಿ ವಸ್ತುಸಂಗ್ರಹಾಲಯವೊಂದನ್ನು ತೆರೆದರು. ಅವರ ಮತದಲ್ಲಿ ಪರಮಸೌಂದರ್ಯವು ಹುಟ್ಟುವುದು ಪ್ರಸಿದ್ಧ ಕಲಾವಿದನ ಕೈಯಲ್ಲಿ ಅಲ್ಲ. ನಿತ್ಯದ ಬಳಕೆಗಾಗಿ, ಅಗ್ಗವಾಗಿ, ಅಹಂಕಾರವಿಲ್ಲದೆ ದುಡಿಯುವ ಹೆಸರಿಲ್ಲದ ಕೈಯಲ್ಲಿ.

ಕಿಜಾಎಮೋನ್ ಬಟ್ಟಲಿನ ಪ್ರಬಂಧವು ಈ ಮತದ ಉಜ್ಜ್ವಲವಾದ ಪ್ರತಿಪಾದನೆ. ಕೊರಿಯಾದಲ್ಲಿ ತಯಾರಾದ ಈ ಬಟ್ಟಲು ಜಪಾನಿನ ಚಹಪಾತ್ರೆಗಳಲ್ಲಿ ಶಿರೋಮಣಿಯೆನಿಸಿದೆ. ಮತ್ಸುಯೆಯ ಪ್ರಭುವಾದ ಮತ್ಸುದೈರಾ ಫುಮಾಯ್ ಇದನ್ನು ಪ್ರಾಣದಂತೆ ಕಾಪಾಡಿದನು. ಅವನ ಅನಂತರ ಇದು ಕ್ಯೋತೋವಿನ ದೈತೊಕುಜಿ ವಿಹಾರದ ಕೊಹೋಆನ್ ಮಠವನ್ನು ಸೇರಿತು. ೧೯೫೧ರಲ್ಲಿ ರಾಷ್ಟ್ರನಿಧಿಯೆಂದು ಘೋಷಿತವಾಯಿತು. ಯಾನಾಗಿ ಅವರು ಇದನ್ನು ಕೈಯಲ್ಲಿ ಹಿಡಿದು ನೋಡಿ, ಇದು ಬಡವರ ಮನೆಯ ಊಟದ ಬಟ್ಟಲಲ್ಲದೆ ಬೇರೆಯಲ್ಲವೆಂದೂ, ಸಾಮಾನ್ಯತೆಯೇ ಇದರ ಸೌಂದರ್ಯದ ಮೂಲವೆಂದೂ ನಿರ್ಣಯಿಸಿದರು. ಇಂಥ ಬಟ್ಟಲುಗಳು ನಿಜವಾಗಿಯೂ ಊಟದ ಬಟ್ಟಲುಗಳೇ ಎಂಬುದನ್ನು ಈಚಿನ ವಿದ್ವಾಂಸರು ಪ್ರಶ್ನಿಸಿದ್ದಾರೆ. ಅದು ಹಾಗಿರಲಿ. ಇಲ್ಲಿ ಗಮನಿಸಬೇಕಾದ ಅಂಶವು ಬೇರೆ. ಕಿಜಾಎಮೋನ್ ಎಂಬುದು ಕುಂಬಾರನ ಹೆಸರಲ್ಲ. ಒಂದು ಕಾಲದಲ್ಲಿ ಬಟ್ಟಲನ್ನು ಕೊಂಡಿದ್ದ ಓಸಾಕಾ ನಗರದ ವರ್ತಕನ ಹೆಸರು.

ಯಾನಾಗಿ ಅವರ ಹೃದಯವು ಕೊರಿಯಾದ ವಿಷಯದಲ್ಲಿ ಕಠಿನವಾಗಿತ್ತೆಂದು ಯಾರೂ ಹೇಳಲಾರರು. ಜಪಾನು ಆ ದೇಶವನ್ನು ೧೯೧೦ರಲ್ಲಿ ನುಂಗಿದಮೇಲೆ, ೧೯೧೯ರ ಸ್ವಾತಂತ್ರ್ಯ ಚಳವಳಿಯನ್ನು ಸೈನ್ಯಬಲದಿಂದ ತುಳಿದಾಗ, ಅದನ್ನು ಬಹಿರಂಗವಾಗಿ ಖಂಡಿಸಿದ ಕೆಲವೇ ಮಂದಿ ಜಪಾನೀಯರಲ್ಲಿ ಅವರೊಬ್ಬರು. ೧೯೨೪ರಲ್ಲಿ ಸೋಲ್ ನಗರದ ಹಳೆಯ ಅರಮನೆಯಲ್ಲಿ ಕೊರಿಯಾದ ಕಲೆಗಾಗಿಯೇ ಸಂಗ್ರಹಾಲಯವನ್ನು ಸ್ಥಾಪಿಸಿದವರೂ ಅವರೇ. ಆದರೂ ಅವರ ಸಿದ್ಧಾಂತದಲ್ಲಿ ಒಂದು ಬಿರುಕಿದೆ. ಹೆಸರಿಲ್ಲದಿರುವುದನ್ನು ಅವರು ಕುಂಬಾರನ ಗುಣವೆಂದು ತಿಳಿದರು. ಅದು ಕುಂಬಾರನ ಗುಣವೋ, ಅವನಿಗೆ ಒದಗಿದ ಸ್ಥಿತಿಯೋ ಎಂಬ ಪ್ರಶ್ನೆಯನ್ನು ಅವರು ಕೇಳಲಿಲ್ಲ.

೫

ಈ ಪ್ರಶ್ನೆಗೆ ಉತ್ತರವು ಮನೆತನಗಳ ಆಡಳಿತದಲ್ಲಿಯೇ ದೊರೆಯುತ್ತದೆ. ಮೂರು ಮನೆತನಗಳು ಕುಂಬಾರನ ಹೆಸರನ್ನು ಮೂರು ಬಗೆಯಾಗಿ ನಡೆಸಿಕೊಂಡವು.

ನಬೆಷಿಮಾ ಮನೆತನವು ಹೆಸರನ್ನು ಮರೆಮಾಡಿತು. ೧೬೩೭ರಲ್ಲಿ ಅದು ಅರಿತಾ ಸೀಮೆಯ ಕುಂಬಾರಿಕೆಯಿಂದ ೮೨೬ ಮಂದಿ ಜಪಾನೀಯರನ್ನು ಹೊರಡಿಸಿ, ಆವಿಗೆಗಳನ್ನು ಹದಿಮೂರಕ್ಕೆ ಇಳಿಸಿತು. ಕಾಡಿನ ಸೌದೆ ತೀರಿಹೋಗುವ ಭಯವನ್ನು ಮುಂದೊಡ್ಡಿ ಕಸುಬನ್ನು ತನ್ನ ಮುಷ್ಟಿಯೊಳಗೆ ತಂದಿತು. ಮುಂದೆ ತನ್ನ ಸ್ವಂತ ಆವಿಗೆಯನ್ನು ಓಕಾವಾಚಿ ಎಂಬ ಕಡಿದಾದ ಬೆಟ್ಟಗಳ ಕಣಿವೆಯಲ್ಲಿರಿಸಿ, ಕಣಿವೆಯ ಬಾಯಿಗೆ ಕಾವಲಿನ ಕಟ್ಟೆಯನ್ನು ಹಾಕಿಸಿತು. ಅಲ್ಲಿ ತಯಾರಾದ ಪಿಂಗಾಣಿಯು ಮಾರಾಟಕ್ಕಲ್ಲ. ಶೋಗನ್ನನಿಗೂ ಇತರ ಪ್ರಭುಗಳಿಗೂ ಕಾಣಿಕೆಯಾಗಿ ಸಲ್ಲತಕ್ಕದ್ದು. ಕಸುಬಿನ ಗುಟ್ಟು ಹೊರಗೆ ಹೋಗದಂತೆ ಕುಂಬಾರನೂ ಹೊರಗೆ ಹೋಗಬಾರದು. ಆ ತಟ್ಟೆಗಳ ಪಾದದ ಸುತ್ತ ಬಾಚಣಿಗೆಯ ಹಲ್ಲಿನಂಥ ನೀಲಿಗೆರೆಗಳಿರುತ್ತವೆ. ಅದು ಮನೆತನದ ಆವಿಗೆಯ ಗುರುತು. ಮಾಡಿದವನ ಗುರುತು ಎಲ್ಲಿಯೂ ಇಲ್ಲ.

ಈ ಒಂದು ನಿದರ್ಶನವೇ ಯಾನಾಗಿ ಅವರ ಸಮೀಕರಣವನ್ನು ಅಲ್ಲಾಡಿಸುತ್ತದೆ. ಪ್ರಭುಗಳ ಆಜ್ಞೆಯಿಂದ ತಯಾರಾದ ನುಣುಪಾದ, ಶ್ರಮಸಾಧ್ಯವಾದ ಪಾತ್ರೆಗಳನ್ನು ಅವರು ಜನತೆಯ ಪಾತ್ರೆಗಳಿಗಿಂತ ಕೆಳಗಿನ ಮೆಟ್ಟಿಲಲ್ಲಿಟ್ಟರು. ಆದರೆ ಓಕಾವಾಚಿಯ ಕುಂಬಾರನು ರೈತರ ಬಟ್ಟಲನ್ನು ಮಾಡಿದವನಷ್ಟೇ ಅನಾಮಕನು. ಹೆಸರಿಲ್ಲದಿರುವುದೇ ಜನತೆಯ ಕಲೆಯ ಲಕ್ಷಣವಾದರೆ, ಅದು ಪ್ರಭುವಿನ ಕಲೆಯಲ್ಲಿಯೂ ವ್ಯಾಪಿಸಿರುವುದರಿಂದ ಲಕ್ಷಣವು ಅತಿವ್ಯಾಪ್ತಿದೋಷಕ್ಕೆ ಗುರಿಯಾಗುತ್ತದೆ.

ಮೋರಿ ಮನೆತನವು ಹೆಸರನ್ನು ದಯಪಾಲಿಸಿತು. ಹಾಗಿ ಪಟ್ಟಣದಲ್ಲಿ ಯಿ ಗ್ಯೊಂಗ್ ಎಂಬ ಕುಂಬಾರನಿಗೆ ೧೬೨೫ರಲ್ಲಿ ಸಾಕಾ ಕೊರೈಜಾಎಮೋನ್ ಎಂಬ ಹೆಸರನ್ನು ಪ್ರಭುವು ಕೊಟ್ಟನು. 'ಕೊರೈ' ಎಂದರೆ ಕೊರಿಯಾ. ಅದು ವಂಶಪಾರಂಪರ್ಯವಾಗಿ ನಡೆದುಬಂದಿತು. ಹೆಸರನ್ನು ಕೊಡುವುದು ಮನ್ನಣೆ. ಆದರೆ ಹುಟ್ಟಿದೂರಿನ ಹೆಸರನ್ನು ಬಿಡಿಸಿ ಹುಟ್ಟಿದೂರನ್ನೇ ಬಿರುದಾಗಿ ತೊಡಿಸುವುದರಲ್ಲಿ ಒಡೆತನದ ಮುದ್ರೆಯೂ ಇದೆ.

ಷಿಮಾಜು ಮನೆತನವು ಹೆಸರನ್ನು ಕಟ್ಟಿಹಾಕಿತು. ೧೫೯೮ರಲ್ಲಿ ಷಿಮಾಜು ಯೋಷಿಹಿರೋವಿನ ಸೇನೆಯೊಡನೆ ಸತ್ಸುಮಾಕ್ಕೆ ಬಂದ ಕೊರಿಯಾದ ಜನರು ಕಾಲಕ್ರಮದಲ್ಲಿ ನಾಯೆಷಿರೊಗಾವಾ ಎಂಬ ಹಳ್ಳಿಯಲ್ಲಿ ನೆಲೆಸಿದರು. ಅವರಿಗೆ ಮನೆ, ಜಮೀನು, ಹಳ್ಳಿಯ ಸಾಮುರಾಯಿಗಳಿಗೆ ಸಮೀಪವಾದ ಮರ್ಯಾದೆ, ಇವೆಲ್ಲವೂ ದೊರೆತವು. ಪ್ರಭುವಿನ ಬಳಕೆಗೆ ಬಿಳಿಯ ಪಾತ್ರೆ, ಜನಸಾಮಾನ್ಯರಿಗೆ ಕರಿಯ ಪಾತ್ರೆ, ಹೀಗೆ ಸತ್ಸುಮಾದ ಮೃತ್ಕಲೆಯು ಎರಡು ಕವಲಾಗಿ ಬೆಳೆಯಿತು. ಆದರೆ ಹದಿನೇಳನೆಯ ಶತಮಾನದ ಕೊನೆಗೆ ಬರುವಷ್ಟರಲ್ಲಿ, ಆ ಹಳ್ಳಿಯವರು ಜಪಾನೀ ಹೆಸರನ್ನಿಟ್ಟುಕೊಳ್ಳಕೂಡದು, ಕೊರಿಯಾದ ಹೆಸರನ್ನೂ ಉಡುಪನ್ನೂ ಬಿಡಕೂಡದು ಎಂದು ಕಟ್ಟಳೆಯಾಯಿತು. ಪ್ರಭುವು ರಾಜಧಾನಿಗೆ ಹೋಗಿಬರುವ ದಾರಿಯಲ್ಲಿ ಅಲ್ಲಿ ಇಳಿದುಕೊಂಡಾಗ, ಅವರು ಪರದೇಶದ ವೇಷದಲ್ಲಿ ಆಡಿ ಹಾಡಿ ಅವನನ್ನು ಸಂತೋಷಪಡಿಸಬೇಕಾಗಿತ್ತು. ನಬೆಷಿಮಾ ಪ್ರಭುವಿಗೆ ಕುಂಬಾರನು ಕಾಣಿಸದಿರುವುದು ಲಾಭ. ಷಿಮಾಜು ಪ್ರಭುವಿಗೆ ಅವನು ಪರಕೀಯನಾಗಿ ಕಾಣಿಸುವುದು ಲಾಭ. ಈ ಪ್ರತ್ಯೇಕತೆಯು ಎಷ್ಟು ಕಾಲ ಉಳಿಯಿತೆಂಬುದಕ್ಕೆ ಒಂದು ನಿದರ್ಶನ ಸಾಕು: ೧೯೪೧ರಲ್ಲಿಯೂ ೧೯೪೫ರಲ್ಲಿಯೂ ಜಪಾನಿನ ವಿದೇಶಾಂಗ ಸಚಿವರಾಗಿದ್ದ ತೋಗೋ ಷಿಗೆನೋರಿ ಅವರು ಇದೇ ಹಳ್ಳಿಯಲ್ಲಿ ೧೮೮೨ರಲ್ಲಿ ಪಾಕ್ ಎಂಬ ಮನೆತನದಲ್ಲಿ ಜನಿಸಿದರು; ತೋಗೋ ಎಂಬ ಕುಲನಾಮವನ್ನು ಅವರ ತಂದೆ ೧೮೮೬ರಲ್ಲಿ ಹಣ ಕೊಟ್ಟು ಪಡೆದರು.

ಇವುಗಳೊಡನೆ ಸ್ತ್ರೀಯೊಬ್ಬಳನ್ನೂ ನೆನೆಯಬೇಕು. ಗಂಡನು ಸತ್ತಮೇಲೆ ಸುಮಾರು ೯೦೦ ಮಂದಿ ಕುಂಬಾರಕುಲದವರನ್ನು ಕಟ್ಟಿಕೊಂಡು ಅರಿತಾಕ್ಕೆ ಬಂದು ನೆಲೆಗೊಳಿಸಿದಳೆಂದು ಪರಂಪರೆಯು ಕೊಂಡಾಡುವ ಕೊರಿಯಾದ ಹೆಂಗಸು ೧೬೫೬ರಲ್ಲಿ, ೯೬ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಅವಳನ್ನು ಹ್ಯಾಕುಬಾಸೆನ್ ಎನ್ನುವರು. ಶತಾಯುಷಿಯಾದ ದಿವ್ಯವೃದ್ಧೆ ಎಂದು ಅದರ ಭಾವ. ಅದು ಪೂಜ್ಯಬುದ್ಧಿಯಿಂದ ಬಂದ ಮಾತೇ ಹೊರತು ತಾಯಿತಂದೆಗಳು ಇಟ್ಟ ಹೆಸರಲ್ಲ.

ಸಾಹಿತ್ಯಚರಿತ್ರೆಯಲ್ಲಿ ಕರ್ತೃವಿನ ಹೆಸರು ತಿಳಿಯದ ಕೃತಿಯನ್ನು 'ಅಜ್ಞಾತಕರ್ತೃಕ'ವೆಂದು ಕರೆದು ಮುಂದೆ ಹೋಗುವುದು ವಾಡಿಕೆ. ಮೇಲಿನ ಸಂಗತಿಗಳನ್ನು ನೋಡಿದರೆ ಆ ಒಂದು ಪದದಲ್ಲಿ ಅನೇಕ ಸ್ಥಿತಿಗಳು ಅಡಗಿರಬಹುದೆಂದು ತೋರುತ್ತದೆ. ಓಕಾವಾಚಿಯವನು ಗೋಪಿತನಾಮನು, ಹಾಗಿಯವನು ದತ್ತನಾಮನು, ನಾಯೆಷಿರೊಗಾವಾದವನು ಬದ್ಧನಾಮನು. ಇವರಿಗೆಲ್ಲ ಬೇರೆಯಾದವನು ತ್ಯಕ್ತನಾಮನು. ಯಾನಾಗಿ ಅವರ ಮಿತ್ರರಾದ ಹಮಾದಾ ಅವರು ತಮ್ಮ ಪಾತ್ರೆಗಳ ಮೇಲೆ ಹೆಸರು ಬರೆಯುತ್ತಿರಲಿಲ್ಲ. ಆದರೆ ಅವರ ಹೆಸರು ಲೋಕಕ್ಕೆಲ್ಲ ತಿಳಿದಿತ್ತು, ೧೯೫೫ರಲ್ಲಿ ಸರ್ಕಾರವೇ ಅವರನ್ನು ಗೌರವಿಸಿತು. ಹೆಸರುಳ್ಳವನು ಹೆಸರನ್ನು ಬಿಡಬಲ್ಲನು; ಆ ತ್ಯಾಗವು ಶ್ಲಾಘ್ಯವೇ. ಹೆಸರನ್ನು ಹೇಳಲು ಅವಕಾಶವೇ ಇಲ್ಲದವನ ಮೌನವನ್ನು ಅದೇ ತಕ್ಕಡಿಯಲ್ಲಿ ತೂಗುವುದು ಔಚಿತ್ಯವಲ್ಲ.

೬

ಶಿಬಾ ರ್ಯೋತಾರೋ ಅವರ (೧೯೨೩–೧೯೯೬) ಕೃತಿಗೆ 'ತಾಯ್ನಾಡು ಮರೆಯಲಾಗದ್ದು' ಎಂಬರ್ಥದ ಶೀರ್ಷಿಕೆಯಿದೆ. ಹದಿನೆಂಟನೆಯ ಶತಮಾನದ ವೈದ್ಯನೂ ಪ್ರವಾಸಿಯೂ ಆದ ತಚಿಬಾನಾ ನಾನ್‌ಕೇಯ್ ಎಂಬವನಿಗೆ ನಾಯೆಷಿರೊಗಾವಾದ ನಿವಾಸಿಯೊಬ್ಬನು ಆಡಿದ ಮಾತಿನಿಂದ ಅದು ಬಂದಿದೆ. ಚಿನ್ ಜುಕಾನ್ ಎಂಬ ಕುಂಬಾರಮನೆತನದ ಹದಿನಾಲ್ಕನೆಯ ತಲೆಯವರೇ ಕಥಾನಾಯಕರು. ಇಲ್ಲಿ ಮೊದಲ ಬಾರಿಗೆ ಪಾತ್ರೆಗೆ ಬದಲಾಗಿ ಕುಂಬಾರನು ಮುಂದೆ ಬಂದು ನಿಲ್ಲುತ್ತಾನೆ. ಬಾಲ್ಯದಲ್ಲಿ ಪರಕೀಯನೆಂದು ಪೆಟ್ಟು ತಿಂದವನು. ಕೊರಿಯಾಕ್ಕೆ ಹೋದಾಗ ಅಲ್ಲಿಯ ವಿದ್ಯಾರ್ಥಿಗಳ ಮುಂದೆ, ಅವರು ಪರರಾಜ್ಯದ ೩೬ ವರ್ಷಗಳನ್ನು ಹೇಳಿಕೊಳ್ಳುವುದಾದರೆ ತಾನು ೩೭೦ ವರ್ಷಗಳನ್ನು ಹೇಳಿಕೊಳ್ಳಬೇಕಾದೀತೆಂದು, ಗತಕಾಲದ ಭಾರವನ್ನೇ ಹೊತ್ತು ಕುಳಿತಿರಬಾರದೆಂಬ ಭಾವದಿಂದ ನುಡಿದವನು. ದ್ವೇಷವೂ ದೈನ್ಯವೂ ಇಲ್ಲದ ಈ ಧ್ವನಿಯು ಒಕಾಕುರಾ ಅವರಿಗಾಗಲಿ ಯಾನಾಗಿ ಅವರಿಗಾಗಲಿ ಕೇಳಿಸಿರಲಿಲ್ಲ. ಇದೇ ಆ ಕೃತಿಯ ಹಿರಿಮೆ.

ಅದಕ್ಕೂ ಒಂದು ಮಿತಿಯುಂಟು. ಹನ್ನೆರಡನೆಯ ತಲೆಯ ಚಿನ್ ಜುಕಾನ್ ಅವರು ೧೮೭೩ರಲ್ಲಿ ವಿಯೆನ್ನಾ ಪ್ರದರ್ಶನಕ್ಕೆ ಕಳುಹಿಸಿದ ಪಾತ್ರೆಗಳಿಂದ ಐರೋಪ್ಯ ಖ್ಯಾತಿಯನ್ನು ಪಡೆದರು. ಅವರ ಹೆಸರನ್ನೇ ಮುಂದಿನ ತಲೆಗಳವರು ಧರಿಸುತ್ತ ಬಂದಿದ್ದಾರೆ. ಹೀಗೆ ಅದು ವ್ಯಕ್ತಿಯ ಹೆಸರೂ ಹೌದು, ಮನೆಯ ಹೆಸರೂ ಹೌದು. ಮನೆಯ ಯಜಮಾನನು ಮಾತನಾಡಿದಾಗ ಆ ಮನೆಯ ಮಣ್ಣು ತುಳಿದವರು, ಬಣ್ಣ ಹಚ್ಚಿದವರು, ಆವಿಗೆಗೆ ಬೆಂಕಿ ಕೊಟ್ಟವರು ಮತ್ತೆ ಹಿನ್ನೆಲೆಗೆ ಸರಿಯುತ್ತಾರೆ. ಸಾಮಂತ ಮನೆತನದ ಸ್ಥಾನದಲ್ಲಿ ಕುಂಬಾರ ಮನೆತನವು ಬಂದಿತೇ ಹೊರತು ಪ್ರಶ್ನೆಯು ಪೂರ್ತಿಯಾಗಿ ಪರಿಹಾರವಾಗಲಿಲ್ಲ.

೭

ಇಷ್ಟರಿಂದ ಸಾಮುರಾಯಿ ಮನೆತನಗಳು ಕಲೆಗೆ ಶತ್ರುಗಳೆಂದು ತೀರ್ಮಾನಿಸುವುದು ಆತುರವಾಗುತ್ತದೆ. ಅನ್ನಕ್ಕೆ ಅಕ್ಕಿ, ಆವಿಗೆಗೆ ಸೌದೆ, ಮಣ್ಣಿಗೆ ಬೆಟ್ಟ, ತಪ್ಪಿಗೆ ಅವಕಾಶ, ಕಾಲಕ್ಕೆ ಮಿತಿಯಿಲ್ಲದಿರುವಿಕೆ, ಇವೆಲ್ಲವನ್ನೂ ಕೊಟ್ಟವರು ಅವರೇ. ೧೮೭೧ರಲ್ಲಿ ಸೀಮೆಗಳು ರದ್ದಾಗಿ ಮನೆತನಗಳ ಆಶ್ರಯವು ತಪ್ಪಿದಾಗ ಓಕಾವಾಚಿಯ ಪ್ರಭುಗಳ ಆವಿಗೆಯು ಆರಿತು. ಅನೇಕ ಊರುಗಳ ಕುಂಬಾರರು ದಿಕ್ಕುಗಾಣದೆ ತೊಳಲಿದರು. ಖಡ್ಗಬಲದಿಂದ ತಂದವರನ್ನು ಖಡ್ಗಬಲವೇ ಇನ್ನೂರೆಪ್ಪತ್ತು ವರ್ಷ ಸಾಕಿತು. ಒಕಾಕುರಾ ಅವರು ಸಾಕಿದುದನ್ನು ಕಂಡರು, ತಂದುದನ್ನು ಕಾಣಲಿಲ್ಲ. ಯಾನಾಗಿ ಅವರು ಕೈಯ ನಿರ್ಮಲತೆಯನ್ನು ಕಂಡರು, ಆ ಕೈಯನ್ನು ಹಿಡಿದಿದ್ದ ಕಟ್ಟಳೆಯನ್ನು ಕಾಣಲಿಲ್ಲ. ಶಿಬಾ ಅವರು ಕಟ್ಟಳೆಯನ್ನೂ ಕಂಡರು, ಒಂದು ಮನೆಯ ಬಾಗಿಲಿನಲ್ಲಿ ನಿಂತು.

ಇದರಿಂದ ಪಾತ್ರೆಗಳ ಸೌಂದರ್ಯಕ್ಕೇನಾದರೂ ಕೊರತೆಯಾಯಿತೇ ಎಂದು ರಸಿಕರು ಕೇಳಬಹುದು. ಆಗಲಿಲ್ಲ. ನಬೆಷಿಮಾ ತಟ್ಟೆಯ ಕೆಂಪು ಮಸುಕಾಗುವುದಿಲ್ಲ, ಕಿಜಾಎಮೋನ್ ಬಟ್ಟಲಿನ ಗಾಂಭೀರ್ಯವು ಕುಗ್ಗುವುದಿಲ್ಲ. ಕುಗ್ಗುವುದು ಆ ಸೌಂದರ್ಯಕ್ಕೆ ವಿಮರ್ಶಕರು ಹೇಳುತ್ತ ಬಂದ ಕಾರಣ ಮಾತ್ರ. ವಿನಯದಿಂದ ಹುಟ್ಟಿತೆಂದು ಹೇಳಿದ ಕಡೆ ವಿಧಿಯಿಲ್ಲದಿರುವಿಕೆಯಿತ್ತೇ ಎಂದು ವಿಚಾರಿಸುವುದು, ಅನಾಮಕ ಕೃತಿಯನ್ನು ಬೋಧಿಸುವ ಪ್ರತಿಯೊಬ್ಬ ಅಧ್ಯಾಪಕನ ಹೊಣೆಯೂ ಆಗಿದೆ.

ಓಕಾವಾಚಿಯ ಕಣಿವೆಯಲ್ಲಿ, ವಾರಸುದಾರರಿಲ್ಲದ ಕುಂಬಾರರ ನೂರಾರು ಗೋರಿಕಲ್ಲುಗಳನ್ನು ಅಲ್ಲಲ್ಲಿಂದ ಆಯ್ದು ತಂದು, ಒಂದರ ಮೇಲೊಂದನ್ನು ಮೆಟ್ಟಿಲಾಗಿ ಪೇರಿಸಿ ಶಿಖರದಂತೆ ನಿಲ್ಲಿಸಿದ್ದಾರೆ. ಆ ಊರಿನ ಪಿಂಗಾಣಿಯನ್ನು ಕುರಿತು ಬರೆಯುವವರು ತಟ್ಟೆಯನ್ನು ನೋಡುವಷ್ಟೇ ಅವಧಾನದಿಂದ ಆ ಶಿಖರವನ್ನೂ ನೋಡಿ ಬರೆಯಬೇಕು.